ಕೃಷ್ಣಾ ತೀರದ ಐದು ತಾಲ್ಲೂಕುಗಳು: ದೈನಂದಿನ ಮಳೆ ಹಾಗೂ ನದಿ ನೀರಿನ ವರದಿಯನ್ನು ಅರ್ಥೈಸಿಕೊಳ್ಳುವ ಬಗೆ

ಪೀಠಿಕೆ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲ್ಲೂಕುಗಳು ಸಮುದ್ರದಿಂದ ದೂರವಿರುವ ಒಳನಾಡಿನ ಪ್ರದೇಶಗಳಾಗಿವೆ. ಆದಾಗ್ಯೂ ಪ್ರತಿ ವರ್ಷ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ತಾಲ್ಲೂಕುಗಳ ನದಿ ತೀರದ ಜನತೆಯು ಕರಾವಳಿಯ ಜನರಂತೆಯೇ ದಿನವೂ ಬೆಳಿಗ್ಗೆ ನೀರಿನ ವರದಿಯನ್ನು ಎದುರು ನೋಡುತ್ತದೆ. ಎಷ್ಟು ಮಳೆಯಾಯಿತು, ಯಾವ ಜಲಾಶಯದಿಂದ ಎಷ್ಟು ನೀರು ಬಿಡಲಾಯಿತು, ಯಾವ ಸೇತುವೆ ಮುಳುಗಿತು ಎಂಬ ಮಾಹಿತಿಯು ಇಲ್ಲಿ ಮನೆ, ಜಾನುವಾರು ಹಾಗೂ ಬೆಳೆಯ ಪ್ರಶ್ನೆಯಾಗಿರುತ್ತದೆ.

ಈ ಅಂಕಿಅಂಶಗಳು ಪ್ರತಿದಿನ ಪ್ರಕಟವಾಗುತ್ತಿದ್ದರೂ ಅವುಗಳನ್ನು ಓದುವ ಕ್ರಮದ ಬಗ್ಗೆ ಸಾರ್ವಜನಿಕರಲ್ಲಿ ಸಾಕಷ್ಟು ತಿಳುವಳಿಕೆ ಇರುವುದಿಲ್ಲ. ತಮ್ಮ ಊರಿನಲ್ಲಿ ಮಳೆ ಇಲ್ಲವೆಂಬ ಕಾರಣದಿಂದ ಎಚ್ಚರಿಕೆಯನ್ನು ಕಡೆಗಣಿಸಿದ ಕುಟುಂಬಗಳು ಕೊನೆಯ ಗಳಿಗೆಯಲ್ಲಿ ದೋಣಿಯ ಮೂಲಕ ಹೊರಬರಬೇಕಾದ ಸಂದರ್ಭಗಳು ಮರುಕಳಿಸಿವೆ. ಈ ಹಿನ್ನೆಲೆಯಲ್ಲಿ ದೈನಂದಿನ ವರದಿಯ ಸ್ವರೂಪ, ಅದರ ಮಿತಿ ಹಾಗೂ ಅದನ್ನು ಬಳಸಿಕೊಳ್ಳುವ ವಿಧಾನವನ್ನು ಇಲ್ಲಿ ವಿಶ್ಲೇಷಿಸಲಾಗಿದೆ.

ಕಡಲಿನ ವರದಿ ಮತ್ತು ನದಿಯ ವರದಿ

ಕರ್ನಾಟಕದ ಕರಾವಳಿಯಲ್ಲಿ ಕಾರವಾರದಿಂದ ಮಂಗಳೂರಿನವರೆಗೆ ಮೀನುಗಾರರು, ಹಾಗೂ ಮೂಲ್ಕಿ ಮತ್ತು ಸಸಿಹಿತ್ಲು ಕಡಲತೀರಗಳಲ್ಲಿ ಸರ್ಫಿಂಗ್ ಕ್ರೀಡೆಯಲ್ಲಿ ತೊಡಗಿರುವವರು, ನೀರಿಗಿಳಿಯುವ ಮೊದಲು ಉಬ್ಬರವಿಳಿತದ ವೇಳೆ, ಅಲೆಗಳ ಎತ್ತರ ಹಾಗೂ ಗಾಳಿಯ ದಿಕ್ಕನ್ನು ತಿಳಿದುಕೊಳ್ಳುತ್ತಾರೆ. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು (ಇನ್‌ಕಾಯಿಸ್) ಈ ಮುನ್ಸೂಚನೆಗಳನ್ನು ನೀಡುತ್ತದೆ.

ಕಡಲಿನ ವರದಿಯಲ್ಲಿ ಎರಡು ಬಗೆಯ ಮಾಹಿತಿ ಇರುತ್ತದೆ. ಉಬ್ಬರವಿಳಿತವು ಚಂದ್ರ ಮತ್ತು ಸೂರ್ಯರ ಆಕರ್ಷಣೆಯಿಂದ ಉಂಟಾಗುವುದರಿಂದ ಅದರ ವೇಳಾಪಟ್ಟಿಯನ್ನು ಒಂದು ವರ್ಷ ಮುಂಚಿತವಾಗಿಯೇ ಲೆಕ್ಕ ಹಾಕಬಹುದಾಗಿದೆ. ಆದರೆ ಅಲೆಗಳ ವಿಷಯ ಹಾಗಲ್ಲ. ಹಿಂದೂ ಮಹಾಸಾಗರದ ದಕ್ಷಿಣ ಭಾಗದಲ್ಲಿ ಬೀಸಿದ ಬಿರುಗಾಳಿಯಿಂದ ಎದ್ದ ಅಲೆಗಳು ಸಾವಿರಾರು ಕಿಲೋಮೀಟರ್ ದೂರ ಸಾಗಿ, ಕೆಲವು ದಿನಗಳ ನಂತರ ಭಾರತದ ತೀರವನ್ನು ತಲುಪುತ್ತವೆ. ಆಕಾಶ ಶುಭ್ರವಾಗಿದ್ದು, ಗಾಳಿಯೂ ಇಲ್ಲದಿರುವಾಗ ಕಡಲು ಹಠಾತ್ತನೆ ದಡಕ್ಕೆ ನುಗ್ಗುವ ಈ ವಿದ್ಯಮಾನವನ್ನು ಕೇರಳದಲ್ಲಿ 'ಕಳ್ಳಕಡಲ್' ಎಂದು ಕರೆಯಲಾಗುತ್ತದೆ.

ಕೃಷ್ಣಾ ನದಿಯ ಪ್ರವಾಹವು ಈ ಎರಡನೆಯ ಬಗೆಗೆ ಸೇರಿದ್ದಾಗಿದೆ. ಅದಕ್ಕೆ ವರ್ಷದ ವೇಳಾಪಟ್ಟಿ ಇಲ್ಲ. ಅದು ಬೇರೆಡೆ ಹುಟ್ಟಿ, ಒಂದೆರಡು ದಿನ ಪ್ರಯಾಣ ಮಾಡಿ, ಬಿಸಿಲಿರುವ ಊರಿಗೆ ಬಂದು ಸೇರಬಲ್ಲದು. ಆದುದರಿಂದ ಈ ಐದು ತಾಲ್ಲೂಕುಗಳ ನದಿ ತೀರದ ನಾಗರಿಕರು ತಮ್ಮ ಊರಿನ ಆಕಾಶಕ್ಕಿಂತ ಮೇಲ್ಭಾಗದ ಅಂಕಿಗಳಿಗೆ ಹೆಚ್ಚಿನ ಮಹತ್ವ ನೀಡುವುದು ಅವಶ್ಯವಾಗಿದೆ.

ನೀರು ಬರುವ ಮಾರ್ಗ

ಅರಬ್ಬೀ ಸಮುದ್ರದಿಂದ ಬೀಸುವ ನೈಋತ್ಯ ಮಾರುತಗಳು ಪಶ್ಚಿಮ ಘಟ್ಟಗಳಿಗೆ ತಾಗಿ ಮೇಲೇರುವಾಗ ಘಟ್ಟದ ನೆತ್ತಿಯಲ್ಲಿ ಅತ್ಯಧಿಕ ಮಳೆ ಸುರಿಸುತ್ತವೆ. ಘಟ್ಟವನ್ನು ದಾಟಿ ಪೂರ್ವಕ್ಕೆ ಬಂದಂತೆ ಮಳೆಯ ಪ್ರಮಾಣ ತೀವ್ರವಾಗಿ ಇಳಿಯುತ್ತದೆ. ಕೃಷ್ಣಾ ನದಿಯ ಉಗಮ ಸ್ಥಾನವಾದ ಮಹಾಬಳೇಶ್ವರದಲ್ಲಿ ವಾರ್ಷಿಕ ಮಳೆ 5,000 ಮಿ.ಮೀ.ಗೂ ಅಧಿಕವಾಗಿದ್ದರೆ, ಅಥಣಿ ತಾಲ್ಲೂಕು ಮಳೆ ನೆರಳಿನ ಪ್ರದೇಶದಲ್ಲಿದ್ದು ಬರಪೀಡಿತ ತಾಲ್ಲೂಕುಗಳ ಪಟ್ಟಿಯಲ್ಲಿ ಮತ್ತೆ ಮತ್ತೆ ಸೇರುತ್ತದೆ. ಒಂದೇ ತಾಲ್ಲೂಕಿನ ಒಂದು ಭಾಗದಲ್ಲಿ ಕುಡಿಯುವ ನೀರಿನ ಕೊರತೆಯೂ ಇನ್ನೊಂದು ಭಾಗದಲ್ಲಿ ನೆರೆಯೂ ಒಂದೇ ವರ್ಷ ಕಾಣಿಸಿಕೊಳ್ಳಲು ಇದೇ ಕಾರಣ.

ಈ ತಾಲ್ಲೂಕುಗಳಿಗೆ ಬರುವ ನೀರಿನ ಮಾರ್ಗವು ಈ ಕೆಳಕಂಡಂತಿದೆ:

1. ಕೊಯ್ನಾ ನದಿಯು ಕರಾಡದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಕೊಯ್ನಾ ಜಲಾಶಯದ ಸಾಮರ್ಥ್ಯ 105.25 ಟಿಎಂಸಿ ಅಡಿ.

2. ವಾರಣಾ ನದಿಯು ಸಾಂಗಲಿಯ ಸಮೀಪ ಹರಿಪುರದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಚಾಂದೋಲಿಯಲ್ಲಿರುವ ವಾರಣಾ ಜಲಾಶಯದ ಸಾಮರ್ಥ್ಯ 34.40 ಟಿಎಂಸಿ ಅಡಿ.

3. ಕೊಲ್ಹಾಪುರದ ಮೂಲಕ ಹರಿಯುವ ಪಂಚಗಂಗಾ ನದಿಯು ನರಸೋಬವಾಡಿಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಇದರ ಉಪನದಿ ಭೋಗಾವತಿಗೆ ಅಡ್ಡಲಾಗಿ ರಾಧಾನಗರಿ ಜಲಾಶಯವಿದೆ. ಇದರ ಸ್ವಯಂಚಾಲಿತ ದ್ವಾರಗಳು ಜಲಾಶಯ ಭರ್ತಿಯಾದೊಡನೆ ತಾವಾಗಿಯೇ ತೆರೆದುಕೊಳ್ಳುತ್ತವೆ.

4. ಈ ಮೂರೂ ನದಿಗಳ ನೀರನ್ನು ಒಳಗೊಂಡ ಕೃಷ್ಣೆಯು ಶಿರೋಳ ತಾಲ್ಲೂಕಿನ ರಾಜಾಪುರ ಬ್ಯಾರೇಜ್ ದಾಟಿ ಕರ್ನಾಟಕವನ್ನು ಪ್ರವೇಶಿಸುತ್ತದೆ.

5. ದೂಧಗಂಗಾ ಹಾಗೂ ಅದನ್ನು ಸೇರುವ ವೇದಗಂಗಾ ನದಿಗಳು ನಿಪ್ಪಾಣಿ ಮತ್ತು ಚಿಕ್ಕೋಡಿ ತಾಲ್ಲೂಕುಗಳ ಮೂಲಕ ಹರಿದು, ಸದಲಗಾ ದಾಟಿ, ಕಲ್ಲೋಳ ಮತ್ತು ಯಡೂರು ಗ್ರಾಮಗಳ ಪರಿಸರದಲ್ಲಿ ಕೃಷ್ಣೆಯನ್ನು ಕೂಡುತ್ತವೆ. ದೂಧಗಂಗೆಗೆ ಕಾಳಮ್ಮವಾಡಿಯಲ್ಲಿಯೂ ವೇದಗಂಗೆಗೆ ಪಾಟಗಾಂವದಲ್ಲಿಯೂ ಜಲಾಶಯಗಳಿವೆ.

6. ನಂತರ ಕೃಷ್ಣೆಯು ಒಂದು ದಂಡೆಯಲ್ಲಿ ರಾಯಬಾಗ, ಇನ್ನೊಂದು ದಂಡೆಯಲ್ಲಿ ಕಾಗವಾಡ ಮತ್ತು ಅಥಣಿ ತಾಲ್ಲೂಕುಗಳ ಗ್ರಾಮಗಳನ್ನು ಸ್ಪರ್ಶಿಸುತ್ತ ಹಿಪ್ಪರಗಿ ಬ್ಯಾರೇಜ್ ಹಾಗೂ ಅಲ್ಲಿಂದ ಆಲಮಟ್ಟಿ ಜಲಾಶಯದ ಕಡೆಗೆ ಸಾಗುತ್ತದೆ.

ಕೊಯ್ನಾದಿಂದ ಬಿಡುಗಡೆಯಾದ ನೀರು ಚಿಕ್ಕೋಡಿ ತಾಲ್ಲೂಕಿನ ಗಡಿಯನ್ನು ತಲುಪಲು ಸಾಮಾನ್ಯವಾಗಿ ಒಂದರಿಂದ ಎರಡು ದಿನ ಬೇಕಾಗುತ್ತದೆ. ನದಿಯು ಈಗಾಗಲೇ ತುಂಬಿ ಹರಿಯುತ್ತಿದ್ದಲ್ಲಿ ಅಥವಾ ಕೆಳಗಿನ ಉಪನದಿಗಳಲ್ಲಿ ಮಳೆಯಾಗಿದ್ದಲ್ಲಿ ನೀರಿನ ಏರಿಕೆಯು ಅದಕ್ಕೂ ಮೊದಲೇ ಕಂಡುಬರಬಹುದು. ಈ ಒಂದೆರಡು ದಿನಗಳೇ ನದಿ ತೀರದ ಕುಟುಂಬಕ್ಕೆ ದೊರೆಯುವ ಕಾಲಾವಕಾಶ.

ವರದಿಯ ಅಂಕಿಗಳ ಅರ್ಥ

ಕ್ಯುಸೆಕ್ ಎಂಬುದು ಒಂದು ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28.3 ಲೀಟರ್ ನೀರಿನ ಹರಿವು. ಟಿಎಂಸಿ ಎಂಬುದು ನೂರು ಕೋಟಿ ಘನ ಅಡಿ ನೀರಿನ ಸಂಗ್ರಹ. ಒಂದು ಲಕ್ಷ ಕ್ಯುಸೆಕ್ ನೀರು 24 ಗಂಟೆಗಳ ಕಾಲ ಸತತವಾಗಿ ಹರಿದಲ್ಲಿ 8.64 ಟಿಎಂಸಿ ಅಡಿ ಆಗುತ್ತದೆ. ಇಂತಹ ಹರಿವು ಹನ್ನೆರಡು ದಿನ ಮುಂದುವರಿದಲ್ಲಿ ಕೊಯ್ನಾ ಜಲಾಶಯದ ಪೂರ್ಣ ಸಾಮರ್ಥ್ಯಕ್ಕೆ ಸರಿಸುಮಾರು ಸಮನಾಗುತ್ತದೆ.

ಮಳೆಯ ಅಂಕಿಯು ಹಿಂದಿನ ದಿನದ ಬೆಳಿಗ್ಗೆ 8.30ರಿಂದ ಆ ದಿನದ ಬೆಳಿಗ್ಗೆ 8.30ರವರೆಗಿನ 24 ಗಂಟೆಗಳ ಮೊತ್ತವಾಗಿರುತ್ತದೆ. ಆದ್ದರಿಂದ ಅದು ಮುನ್ಸೂಚನೆಯಲ್ಲ, ಈಗಾಗಲೇ ಸುರಿದ ಮಳೆಯ ಲೆಕ್ಕ. ಭಾರತ ಹವಾಮಾನ ಇಲಾಖೆಯ ವರ್ಗೀಕರಣದಂತೆ 64.5 ಮಿ.ಮೀ.ನಿಂದ 115.5 ಮಿ.ಮೀ.ವರೆಗಿನ ಮಳೆಯನ್ನು ಭಾರಿ ಮಳೆ, 115.6ರಿಂದ 204.4 ಮಿ.ಮೀ.ವರೆಗೆ ಅತಿ ಭಾರಿ ಮಳೆ ಹಾಗೂ ಅದಕ್ಕೂ ಮೇಲ್ಪಟ್ಟ ಮಳೆಯನ್ನು ಅತ್ಯಂತ ಭಾರಿ ಮಳೆ ಎಂದು ಪರಿಗಣಿಸಲಾಗುತ್ತದೆ.

ಕೃಷ್ಣೆಯ ಹರಿವನ್ನು ತಿಳಿಯಲು ಎರಡು ಅಂಕಿಗಳನ್ನು ಕೂಡಿಸಬೇಕಾಗುತ್ತದೆ. ಮೊದಲನೆಯದು ರಾಜಾಪುರ ಬ್ಯಾರೇಜ್‌ನಿಂದ ಬರುವ ನೀರು. ಎರಡನೆಯದು ಸದಲಗಾ ಬಳಿ ದೂಧಗಂಗೆಯ ಹರಿವು. ಇವೆರಡರ ಮೊತ್ತವೇ ಕಲ್ಲೋಳದ ಬಳಿ ಕೃಷ್ಣೆಯ ಹರಿವು ಎಂದು ವರದಿಗಳಲ್ಲಿ ನಮೂದಾಗುತ್ತದೆ. ಉದಾಹರಣೆಗೆ, ಒಂದು ದಿನ ರಾಜಾಪುರದಿಂದ 95,000 ಕ್ಯುಸೆಕ್ ಹಾಗೂ ದೂಧಗಂಗೆಯಿಂದ 22,000 ಕ್ಯುಸೆಕ್ ಬಂದಲ್ಲಿ ಕಲ್ಲೋಳದ ಹರಿವು 1,17,000 ಕ್ಯುಸೆಕ್ ಆಗುತ್ತದೆ. ಮರುದಿನ ಅದೇ ಅಂಕಿಗಳು 1,15,000 ಮತ್ತು 25,000 ಆದಲ್ಲಿ ಮೊತ್ತ 1,40,000 ಕ್ಯುಸೆಕ್. ಒಂದೇ ದಿನದಲ್ಲಿ 23,000 ಕ್ಯುಸೆಕ್ ಏರಿಕೆಯಾಗಿದೆ ಎಂಬುದೇ ಇಲ್ಲಿ ಮುಖ್ಯ ಸಂಗತಿ. ಒಂದು ದಿನದ ಅಂಕಿಯನ್ನು ಮಾತ್ರ ನೋಡಿದರೆ ನದಿ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯುವುದಿಲ್ಲ. ಮೂರು ದಿನಗಳ ಅಂಕಿಗಳನ್ನು ಒಂದರ ಕೆಳಗೊಂದು ಬರೆದಿಟ್ಟುಕೊಂಡಲ್ಲಿ ನದಿಯ ಪ್ರವೃತ್ತಿ ಸ್ಪಷ್ಟವಾಗುತ್ತದೆ.

ಮೇಲ್ಭಾಗದ ಇನ್ನೆರಡು ಸ್ಥಳಗಳ ನೀರಿನ ಮಟ್ಟವೂ ಗಮನಾರ್ಹ. ಸಾಂಗಲಿಯ ಆಯರ್ವಿನ್ ಸೇತುವೆಯ ಬಳಿ ಕೃಷ್ಣೆಯ ಎಚ್ಚರಿಕೆಯ ಮಟ್ಟ 40 ಅಡಿ, ಅಪಾಯದ ಮಟ್ಟ 45 ಅಡಿ. ಕೊಲ್ಹಾಪುರದ ರಾಜಾರಾಮ ಬಾಂದಾರದ ಬಳಿ ಪಂಚಗಂಗೆಯ ಎಚ್ಚರಿಕೆಯ ಮಟ್ಟ 39 ಅಡಿ, ಅಪಾಯದ ಮಟ್ಟ 43 ಅಡಿ. ಈ ಎರಡೂ ಕಡೆ ನೀರು ಎಚ್ಚರಿಕೆಯ ಮಟ್ಟವನ್ನು ದಾಟಿ ಏರುತ್ತಿದ್ದಲ್ಲಿ ಆ ನೀರು ಮುಂದೆ ಸಾಗಬೇಕಾದ ದಾರಿ ಚಿಕ್ಕೋಡಿ ಮತ್ತು ಕಾಗವಾಡದ ಕಡೆಗೇ ಎಂಬುದನ್ನು ಮರೆಯುವಂತಿಲ್ಲ.

ಬೆಳಗಾವಿ ಜಿಲ್ಲೆಯ ಎಚ್ಚರಿಕೆ ಮತ್ತು ಘಟ್ಟದ ಎಚ್ಚರಿಕೆ

ಹವಾಮಾನ ಇಲಾಖೆಯು ಹಳದಿ, ಕಿತ್ತಳೆ ಹಾಗೂ ಕೆಂಪು ಬಣ್ಣಗಳ ಮೂಲಕ ಜಿಲ್ಲಾವಾರು ಎಚ್ಚರಿಕೆಗಳನ್ನು ನೀಡುತ್ತದೆ. ಬೆಳಗಾವಿ ಜಿಲ್ಲೆಗೆ ನೀಡಲಾದ ಎಚ್ಚರಿಕೆಯನ್ನು ಈ ಐದು ತಾಲ್ಲೂಕುಗಳಿಗೆ ಅನ್ವಯಿಸುವಾಗ ಎರಡು ಬಗೆಯ ತಪ್ಪುಗಳು ಸಂಭವಿಸುತ್ತವೆ.

ಮೊದಲನೆಯದಾಗಿ, ಜಿಲ್ಲೆಯಲ್ಲಿ ಅತಿ ಹೆಚ್ಚು ಮಳೆ ಬೀಳುವುದು ಖಾನಾಪುರ ತಾಲ್ಲೂಕಿನ ಘಟ್ಟ ಪ್ರದೇಶದಲ್ಲಿ. ಕಣಕುಂಬಿ ಭಾಗದ ಮಳೆಯ ನೀರು ಮಲಪ್ರಭಾ ಮತ್ತು ಮಹದಾಯಿ ನದಿಗಳಿಗೆ ಹೋಗುತ್ತದೆಯೇ ಹೊರತು ಚಿಕ್ಕೋಡಿಯ ಬಳಿಯ ಕೃಷ್ಣೆಗೆ ಬರುವುದಿಲ್ಲ. ಹುಕ್ಕೇರಿ ಮತ್ತು ಗೋಕಾಕಗಳಲ್ಲಿ ಹರಿಯುವ ಘಟಪ್ರಭೆಯೂ ಬೇರೆಯದೇ ದಾರಿಯಲ್ಲಿ ಸಾಗಿ, ಬಹಳ ಕೆಳಗೆ ಕೃಷ್ಣೆಯನ್ನು ಸೇರುತ್ತದೆ. ಆದ್ದರಿಂದ ಜಿಲ್ಲೆಗೆ ಕೆಂಪು ಎಚ್ಚರಿಕೆ ಇದ್ದ ಮಾತ್ರಕ್ಕೆ ಕುಡಚಿ ಅಥವಾ ಉಗಾರದಲ್ಲಿ ನೆರೆ ಬರುತ್ತದೆ ಎಂದಲ್ಲ.

ಎರಡನೆಯದಾಗಿ, ಬೆಳಗಾವಿ ಜಿಲ್ಲೆಗೆ ಯಾವುದೇ ಎಚ್ಚರಿಕೆ ಇಲ್ಲದ ದಿನವೂ ಸಾತಾರಾ ಮತ್ತು ಕೊಲ್ಹಾಪುರ ಜಿಲ್ಲೆಗಳ ಘಟ್ಟ ಪ್ರದೇಶಕ್ಕೆ ಕೆಂಪು ಎಚ್ಚರಿಕೆ ಇರಬಹುದು. ಮಹಾರಾಷ್ಟ್ರದ ಹವಾಮಾನ ವರದಿಯಲ್ಲಿ ಈ ಜಿಲ್ಲೆಗಳ ಘಟ್ಟ ಪ್ರದೇಶಕ್ಕೆ ಪ್ರತ್ಯೇಕವಾಗಿ ಎಚ್ಚರಿಕೆ ನೀಡುವ ಪದ್ಧತಿ ಇದೆ. ಕೃಷ್ಣಾ ತೀರದ ನಿವಾಸಿಗಳಿಗೆ ನಿಜವಾಗಿ ಅನ್ವಯಿಸುವ ಎಚ್ಚರಿಕೆ ಅದೇ ಆಗಿದೆ. ಮೊದಲನೆಯ ತಪ್ಪಿನಿಂದ ಅನಗತ್ಯ ಗಾಬರಿ ಉಂಟಾಗುತ್ತದೆ. ಎರಡನೆಯ ತಪ್ಪಿನಿಂದ ಪ್ರಾಣಾಪಾಯ ಒದಗಬಹುದು.

ಮೂರು ಪ್ರವಾಹಗಳು ನೀಡಿದ ಪಾಠ

2005ರ ಜುಲೈ ಅಂತ್ಯ ಹಾಗೂ ಆಗಸ್ಟ್ ತಿಂಗಳ ಪ್ರವಾಹವು ಒಂದು ತಲೆಮಾರಿಗೆ ಅಳತೆಗೋಲಾಯಿತು. ನದಿ ತೀರದ ಗ್ರಾಮಗಳಲ್ಲಿ ಆ ವರ್ಷ ನೀರು ಬಂದ ಗುರುತನ್ನೇ ಗರಿಷ್ಠ ಮಟ್ಟವೆಂದು ಭಾವಿಸಿ, ಅದಕ್ಕಿಂತ ಮೇಲಿರುವ ಮನೆಗಳು ಸುರಕ್ಷಿತವೆಂಬ ನಂಬಿಕೆ ಬೆಳೆಯಿತು.

2019ರ ಆಗಸ್ಟ್‌ನಲ್ಲಿ ಆ ನಂಬಿಕೆ ಸುಳ್ಳಾಯಿತು. ಸಾಂಗಲಿಯಲ್ಲಿ ಕೃಷ್ಣೆಯ ಮಟ್ಟ 57 ಅಡಿಯನ್ನು ದಾಟಿ 2005ರ ಮಟ್ಟವನ್ನು ಮೀರಿತು. ಕೊಲ್ಹಾಪುರದಲ್ಲಿ ಪಂಚಗಂಗೆ 55 ಅಡಿಗಳನ್ನು ಮೀರಿತು. ಆಲಮಟ್ಟಿಯಿಂದ 5 ಲಕ್ಷ ಕ್ಯುಸೆಕ್‌ಗೂ ಹೆಚ್ಚು ನೀರನ್ನು ಹೊರಬಿಡಲಾಯಿತು. ಹಳೆಯ ಗುರುತನ್ನು ನಂಬಿ ಉಳಿದುಕೊಂಡವರಲ್ಲಿ ಅನೇಕರು ರಾತ್ರಿಯ ವೇಳೆ ಮನೆ ತೊರೆಯಬೇಕಾಯಿತು.

2021ರ ಜೂನ್‌ನಲ್ಲಿ ಕರ್ನಾಟಕ ಮತ್ತು ಮಹಾರಾಷ್ಟ್ರ ರಾಜ್ಯಗಳ ಪ್ರತಿನಿಧಿಗಳು ಬೆಂಗಳೂರಿನಲ್ಲಿ ಸಭೆ ಸೇರಿ, ಜಲಾಶಯಗಳ ನೀರಿನ ಬಿಡುಗಡೆಯ ಬಗ್ಗೆ ಪರಸ್ಪರ ಸಮನ್ವಯ ಸಾಧಿಸುವ ಕುರಿತು ಚರ್ಚಿಸಿದರು. ಅದಾದ ಒಂದು ತಿಂಗಳಲ್ಲಿಯೇ, ಜುಲೈ 22 ಮತ್ತು 23ರ ನಡುವಿನ 24 ಗಂಟೆಗಳಲ್ಲಿ ಮಹಾಬಳೇಶ್ವರದಲ್ಲಿ ಸುಮಾರು 594 ಮಿ.ಮೀ. ಮಳೆ ಸುರಿಯಿತು. ಇದು ಹೆಚ್ಚುಕಡಿಮೆ ಅಥಣಿಯಲ್ಲಿ ಒಂದು ವರ್ಷದಲ್ಲಿ ಬೀಳುವ ಮಳೆಗೆ ಸಮಾನ. ನಿಪ್ಪಾಣಿ ಸಮೀಪದ ಯಮಗರ್ಣಿಯ ಬಳಿ ವೇದಗಂಗೆಯ ನೀರು ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯನ್ನು ಆವರಿಸಿ ಸಂಚಾರ ಸ್ಥಗಿತಗೊಂಡಿತು.

ಈ ಎರಡು ಪ್ರವಾಹಗಳಿಗೆ ಒಂದು ವ್ಯತ್ಯಾಸವಿದೆ. 2019ರಲ್ಲಿ ಹಲವು ದಿನಗಳ ಸತತ ಮಳೆಯಿಂದ ನದಿ ಏರಿತು. ವರದಿಯನ್ನು ಅನುಸರಿಸುವವರಿಗೆ ಸಿದ್ಧರಾಗಲು ದಿನಗಳು ದೊರೆತವು. 2021ರಲ್ಲಿ ಏರಿಕೆ ಬಹು ಶೀಘ್ರವಾಗಿತ್ತು. ಮೇಲಾಗಿ ವೇದಗಂಗಾ ಮತ್ತು ದೂಧಗಂಗಾ ಚಿಕ್ಕ ನದಿಗಳು. ಘಟ್ಟದಿಂದ ನಿಪ್ಪಾಣಿ ತಾಲ್ಲೂಕಿಗೆ ಅವುಗಳ ದಾರಿ ಕಿರಿದು. ಕೃಷ್ಣೆಯ ದಂಡೆಯವರಿಗೆ ದೊರೆಯುವಷ್ಟು ಕಾಲಾವಕಾಶ ನಿಪ್ಪಾಣಿ ತಾಲ್ಲೂಕಿನವರಿಗೆ ದೊರೆಯುವುದಿಲ್ಲ ಎಂಬುದನ್ನು ಇದು ತೋರಿಸಿಕೊಟ್ಟಿತು. 2024ರ ಜುಲೈ ಹಾಗೂ 2025ರ ಆಗಸ್ಟ್ ತಿಂಗಳುಗಳಲ್ಲಿಯೂ ಈ ಭಾಗದ ಕೆಳಮಟ್ಟದ ಸೇತುವೆಗಳು ಜಲಾವೃತಗೊಂಡವು.

ಕೆಳಭಾಗದ ಅಂಕಿಗಳು: ಹಿಪ್ಪರಗಿ ಮತ್ತು ಆಲಮಟ್ಟಿ

ಪ್ರತಿ ಪ್ರವಾಹದ ನಂತರ ಆಲಮಟ್ಟಿ ಜಲಾಶಯದ ಹಿನ್ನೀರಿನ ಬಗ್ಗೆ ಎರಡೂ ರಾಜ್ಯಗಳಲ್ಲಿ ಚರ್ಚೆ ನಡೆಯುತ್ತದೆ. ಪ್ರಸ್ತುತ ಆಲಮಟ್ಟಿಯಲ್ಲಿ 519.60 ಮೀಟರ್ ಮಟ್ಟದವರೆಗೆ ನೀರು ಸಂಗ್ರಹಿಸಲಾಗುತ್ತಿದೆ. ಈ ಮಟ್ಟವನ್ನು 524.256 ಮೀಟರ್‌ಗೆ ಹೆಚ್ಚಿಸಲು ಎರಡನೇ ಕೃಷ್ಣಾ ಜಲವಿವಾದ ನ್ಯಾಯಾಧಿಕರಣವು 2010ರ ತೀರ್ಪಿನಲ್ಲಿ ಅವಕಾಶ ನೀಡಿದೆ. 2025ರಲ್ಲಿ ಮಹಾರಾಷ್ಟ್ರವು ಈ ಏರಿಕೆಗೆ ಆಕ್ಷೇಪ ವ್ಯಕ್ತಪಡಿಸಿತು. 2019ರ ಪ್ರವಾಹದ ಕಾರಣಗಳನ್ನು ಪರಿಶೀಲಿಸಲು ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ್ದ ವಡನೇರೆ ಸಮಿತಿಯು 2020ರಲ್ಲಿ ಸಲ್ಲಿಸಿದ ವರದಿಯಲ್ಲಿ, ಸಾಂಗಲಿ ಮತ್ತು ಕೊಲ್ಹಾಪುರದ ನೆರೆಗೆ ಆಲಮಟ್ಟಿ ಅಥವಾ ಹಿಪ್ಪರಗಿ ಕಾರಣವಲ್ಲವೆಂದು ಅಭಿಪ್ರಾಯಪಟ್ಟಿತು.

ಈ ವಿವಾದದ ತೀರ್ಮಾನ ಏನೇ ಆಗಲಿ, ವರದಿಯನ್ನು ಓದುವ ನಾಗರಿಕನಿಗೆ ಕೆಳಭಾಗದ ಎರಡು ಅಂಕಿಗಳು ಉಪಯುಕ್ತ: ಹಿಪ್ಪರಗಿ ಬ್ಯಾರೇಜ್‌ನ ಒಳಹರಿವು–ಹೊರಹರಿವು ಹಾಗೂ ಆಲಮಟ್ಟಿಯ ಒಳಹರಿವು–ಹೊರಹರಿವು. ಒಳಹರಿವಿಗೆ ಸಮನಾಗಿ ಅಥವಾ ಹೆಚ್ಚಾಗಿ ಹೊರಹರಿವು ಇದ್ದಲ್ಲಿ ಬಂದ ನೀರು ಮುಂದೆ ಸಾಗುತ್ತಿದೆ ಎಂದು ತಿಳಿಯಬಹುದು. ಅಥಣಿ ತಾಲ್ಲೂಕಿನ ಕೆಳಭಾಗದ ಗ್ರಾಮಗಳಿಗೆ ಹಿಪ್ಪರಗಿಯ ಅಂಕಿಯು ವಿಶೇಷವಾಗಿ ಅನ್ವಯಿಸುತ್ತದೆ.

ತಾಲ್ಲೂಕುವಾರು ಗಮನಿಸಬೇಕಾದ ಅಂಶಗಳು

ನಿಪ್ಪಾಣಿ: ಕಾರದಗಾ–ಭೋಜ, ಭೋಜವಾಡಿ–ಕುನ್ನೂರ, ಸಿದ್ನಾಳ–ಅಕ್ಕೋಳ, ಜತ್ರಾಟ–ಭೀವಶಿ ಸೇತುವೆಗಳು ಕೆಳಮಟ್ಟದವಾಗಿದ್ದು ಮೊದಲ ಹಂತದಲ್ಲಿಯೇ ಮುಳುಗುತ್ತವೆ. ಕಾಳಮ್ಮವಾಡಿ ಮತ್ತು ಪಾಟಗಾಂವ ಜಲಾಶಯಗಳ ಸಂಗ್ರಹವನ್ನೂ ಅವುಗಳ ಜಲಾನಯನ ಪ್ರದೇಶದ ಮಳೆಯನ್ನೂ ಗಮನಿಸತಕ್ಕದ್ದು.

ಚಿಕ್ಕೋಡಿ: ಕಲ್ಲೋಳ–ಯಡೂರು ಹಾಗೂ ಮಲಿಕವಾಡ–ದತ್ತವಾಡ ಸೇತುವೆಗಳು ಬೇಗನೆ ಜಲಾವೃತಗೊಳ್ಳುತ್ತವೆ. ಕೃಷ್ಣೆ ತುಂಬಿದಾಗ ದೂಧಗಂಗೆಯ ನೀರಿಗೆ ಮುಂದೆ ಹರಿಯಲು ಅವಕಾಶವಾಗದೆ ಸಂಗಮದ ಮೇಲ್ಭಾಗದಲ್ಲಿ ನೀರು ನಿಲ್ಲುತ್ತದೆ. ಆದ್ದರಿಂದ ಸದಲಗಾ ಭಾಗದವರು ದೂಧಗಂಗೆಯ ಜೊತೆಗೆ ರಾಜಾಪುರದ ಅಂಕಿಯನ್ನೂ ನೋಡತಕ್ಕದ್ದು.

ರಾಯಬಾಗ: ಕುಡಚಿ–ಉಗಾರ ಸೇತುವೆಯು ಮುಳುಗಿದಲ್ಲಿ ಜಮಖಂಡಿ–ಮಿರಜ ಮಾರ್ಗದ ಸಂಚಾರ ಕಡಿದುಹೋಗುತ್ತದೆ. ಆಸ್ಪತ್ರೆ, ಶಾಲೆ ಅಥವಾ ಕಚೇರಿ ಕೆಲಸಕ್ಕೆ ನದಿ ದಾಟಬೇಕಾದವರು ಮುಂಚಿತವಾಗಿ ಬದಲಿ ಮಾರ್ಗವನ್ನು ಗೊತ್ತುಪಡಿಸಿಕೊಳ್ಳುವುದು ಸೂಕ್ತ.

ಕಾಗವಾಡ: ಜುಗೂಳ, ಮಂಗಾವತಿ, ಶಹಾಪುರ, ಕೃಷ್ಣಾ ಕಿತ್ತೂರ, ಬಣಜವಾಡ ಮುಂತಾದ ಗ್ರಾಮಗಳಿಗೆ ಮನೆಯೊಳಗೆ ನೀರು ಬರುವ ಮೊದಲೇ ರಸ್ತೆ ಸಂಪರ್ಕ ಕಡಿದುಹೋಗುವ ಸಂಭವವಿರುತ್ತದೆ. ಇಲ್ಲಿ ಮನೆಯ ಹೊಸ್ತಿಲಿಗಿಂತ ರಸ್ತೆಯ ಮಟ್ಟವೇ ನಿರ್ಧಾರಕ.

ಅಥಣಿ: ಸಪ್ತಸಾಗರ, ಹುಲಗಬಾಳಿ, ನದಿ ಇಂಗಳಗಾಂವ, ದರೂರ, ಸತ್ತಿ ಮುಂತಾದ ನದಿ ತೀರದ ಗ್ರಾಮಗಳಿಗೆ ನೀರು ಕೊನೆಯಲ್ಲಿ ಬರುತ್ತದೆ. ಕಲ್ಲೋಳದಲ್ಲಿ ಇಳಿಕೆ ಆರಂಭವಾದ ಮೇಲೂ ಇಲ್ಲಿ ಕೆಲಕಾಲ ಏರಿಕೆ ಮುಂದುವರಿಯಬಹುದು.

ಸೇತುವೆ ದಾಟುವ ನಿರ್ಧಾರ

ನೆರೆಯ ಕಾಲದ ಜೀವಹಾನಿಗಳಲ್ಲಿ ಹರಿಯುವ ನೀರನ್ನು ದಾಟಲು ಯತ್ನಿಸಿದ ಪ್ರಸಂಗಗಳು ಗಣನೀಯವಾಗಿರುತ್ತವೆ. ಪಾದದ ಮೇಲೆ ಅರ್ಧ ಅಡಿಯಷ್ಟು ವೇಗವಾಗಿ ಹರಿಯುವ ನೀರು ವಯಸ್ಕನ ಕಾಲನ್ನು ತಪ್ಪಿಸಬಲ್ಲದು. ಎರಡು ಅಡಿ ನೀರು ಬಹುತೇಕ ವಾಹನಗಳನ್ನು ಕೊಚ್ಚಿಕೊಂಡು ಹೋಗಬಲ್ಲದು. ಸೇತುವೆಯ ಮೇಲೆ ನೀರಿರುವಾಗ ಅದರ ಕೆಳಗೆ ಮಣ್ಣು ಕೊಚ್ಚಿಹೋಗಿರುವುದು ಅಥವಾ ತಡೆಗೋಡೆ ಕಿತ್ತುಹೋಗಿರುವುದು ಕಾಣುವುದಿಲ್ಲ. ನೀರು ಇಳಿದ ನಂತರವೂ ಲೋಕೋಪಯೋಗಿ ಇಲಾಖೆಯ ಪರಿಶೀಲನೆ ಮುಗಿದು ಸಂಚಾರಕ್ಕೆ ಅನುಮತಿ ದೊರೆಯುವವರೆಗೆ ಸೇತುವೆಯನ್ನು ಬಳಸಬಾರದು.

ಹೊರಡಲು ತಡವಾಗುವುದೇಕೆ

ಎಚ್ಚರಿಕೆ ತಲುಪಿದರೂ ಅನೇಕ ಕುಟುಂಬಗಳು ಮನೆ ಬಿಡಲು ಹಿಂಜರಿಯುತ್ತವೆ. ಇದನ್ನು ಕೇವಲ ನಿರ್ಲಕ್ಷ್ಯವೆಂದು ಭಾವಿಸುವುದು ಸರಿಯಲ್ಲ. ಎಮ್ಮೆ ಮತ್ತು ಆಕಳುಗಳನ್ನು ಎಲ್ಲಿ ಕಟ್ಟುವುದು, ಮೇವು ಎಲ್ಲಿಂದ ತರುವುದು, ಮನೆಯಲ್ಲಿಟ್ಟ ಕಾಳುಕಡಿಗೆ ಕಾವಲು ಯಾರು ಎಂಬ ಪ್ರಶ್ನೆಗಳು ನೈಜವಾಗಿವೆ. ಕಳೆದ ಬಾರಿ ಹೊರಟಾಗ ನೀರು ಬಾರದೆ ವೃಥಾ ಅಲೆದಾಟವಾಯಿತೆಂಬ ಅನುಭವವೂ ಕೆಲವರಿಗಿರುತ್ತದೆ. ಈ ಕಾರಣದಿಂದ ಒಂದೇ ಬಾರಿಗೆ ಎಲ್ಲವನ್ನೂ ಸಾಗಿಸುವ ಬದಲು ಹಂತಹಂತವಾಗಿ ಹೊರಡುವುದು ಅನುಕೂಲಕರ:

1. ಘಟ್ಟಕ್ಕೆ ಕೆಂಪು ಎಚ್ಚರಿಕೆ ಬಂದು ಜಲಾಶಯಗಳ ಹೊರಹರಿವು ಹೆಚ್ಚಿದ ದಿನವೇ ಗರ್ಭಿಣಿಯರು, ಬಾಣಂತಿಯರು, ವೃದ್ಧರು, ರೋಗಿಗಳು ಹಾಗೂ ದಾಖಲೆಪತ್ರಗಳನ್ನು ಸುರಕ್ಷಿತ ಸ್ಥಳಕ್ಕೆ ಕಳುಹಿಸುವುದು.

2. ಕಲ್ಲೋಳದ ಮೊತ್ತವು ಸತತ ಎರಡು ದಿನ ಏರಿದಲ್ಲಿ ಜಾನುವಾರುಗಳನ್ನು ಎತ್ತರದ ಸ್ಥಳಕ್ಕೆ ಸಾಗಿಸಿ, ನದಿ ದಡದ ಪಂಪ್‌ಸೆಟ್‌ಗಳನ್ನು ವಿದ್ಯುತ್ ಸಂಪರ್ಕ ಕಡಿತಗೊಳಿಸಿದ ನಂತರ ಮೇಲಕ್ಕೆ ತರುವುದು.

3. ಗ್ರಾಮದಿಂದ ಹೊರಹೋಗುವ ರಸ್ತೆ ಮುಳುಗುವ ಮುನ್ನ, ಹಗಲು ಹೊತ್ತಿನಲ್ಲಿಯೇ, ಉಳಿದವರೆಲ್ಲರೂ ಕಾಳಜಿ ಕೇಂದ್ರಕ್ಕೆ ತೆರಳುವುದು.

ತಾಲ್ಲೂಕು ಆಡಳಿತ ಅಥವಾ ಗ್ರಾಮ ಪಂಚಾಯಿತಿಯು ತೆರವಿಗೆ ಸೂಚಿಸಿದಲ್ಲಿ ಮೇಲಿನ ಹಂತಗಳಿಗಾಗಿ ಕಾಯದೆ ತಕ್ಷಣವೇ ಹೊರಡತಕ್ಕದ್ದು.

ಹಾನಿ ಪರಿಹಾರ ಕೋರುವವರ ಗಮನಕ್ಕೆ

ನೆರೆ ಇಳಿದ ನಂತರ ಮನೆ, ಬೆಳೆ ಹಾಗೂ ಜಾನುವಾರು ಹಾನಿಯ ಸಮೀಕ್ಷೆ ನಡೆಯುತ್ತದೆ. ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ ನೀಡುವ ನೆರವಿಗೆ ಕೇಂದ್ರ ಗೃಹ ಸಚಿವಾಲಯವು 2022–23ರಿಂದ 2025–26ರ ಅವಧಿಗೆ ನಿಗದಿಪಡಿಸಿದ ಮುಖ್ಯ ದರಗಳು ಹೀಗಿದ್ದವು:

1. ಬಯಲು ಪ್ರದೇಶದಲ್ಲಿ ಸಂಪೂರ್ಣ ಹಾನಿಗೊಂಡ ಮನೆಗೆ ರೂ. 1,20,000.

2. ಶೇ. 33ಕ್ಕಿಂತ ಕಡಿಮೆಯಿಲ್ಲದ ಬೆಳೆ ಹಾನಿಗೆ ಗರಿಷ್ಠ 2 ಹೆಕ್ಟೇರ್‌ವರೆಗೆ, ಪ್ರತಿ ಹೆಕ್ಟೇರ್‌ಗೆ ಮಳೆಯಾಶ್ರಿತ ಬೆಳೆಗೆ ರೂ. 8,500, ನೀರಾವರಿ ಬೆಳೆಗೆ ರೂ. 17,000, ಬಹುವಾರ್ಷಿಕ ಬೆಳೆಗೆ ರೂ. 22,500.

3. ಮೃತಪಟ್ಟ ಎಮ್ಮೆ ಅಥವಾ ಆಕಳಿಗೆ ರೂ. 37,500, ಎತ್ತಿಗೆ ರೂ. 32,000.

4. ಮಾನವ ಜೀವಹಾನಿಗೆ ಮೃತರ ವಾರಸುದಾರರಿಗೆ ರೂ. 4,00,000.

ಇದಲ್ಲದೆ ರಾಜ್ಯ ಸರ್ಕಾರವು ಹಾನಿಯ ತೀವ್ರತೆಗೆ ಅನುಗುಣವಾಗಿ ಹೆಚ್ಚುವರಿ ನೆರವು ಘೋಷಿಸಿದ ನಿದರ್ಶನಗಳಿವೆ. 2019ರಲ್ಲಿ ಸಂಪೂರ್ಣ ಹಾನಿಗೊಂಡ ಮನೆಗಳಿಗೆ 5 ಲಕ್ಷ ರೂಪಾಯಿಗಳ ನೆರವನ್ನು ಪ್ರಕಟಿಸಲಾಗಿತ್ತು. ಅರ್ಜಿದಾರರು ಆಯಾ ವರ್ಷದ ಆದೇಶದಲ್ಲಿನ ದರವನ್ನು ತಹಶೀಲ್ದಾರರ ಕಚೇರಿ ಅಥವಾ ನಾಡಕಚೇರಿಯಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು.

ದೈನಂದಿನ ವರದಿಗೂ ಪರಿಹಾರದ ಅರ್ಜಿಗೂ ಸಂಬಂಧವಿದೆ. ನೀರು ಮನೆಯೊಳಗೆ ಬಂದ ದಿನಾಂಕ, ಇಳಿದ ದಿನಾಂಕ ಹಾಗೂ ಗೋಡೆಯ ಮೇಲೆ ನೀರು ತಲುಪಿದ ಗುರುತು ಅರ್ಜಿಯ ಹೇಳಿಕೆಯನ್ನು ಬೆಂಬಲಿಸುತ್ತವೆ. ಸ್ವಚ್ಛಗೊಳಿಸುವ ಮೊದಲು ಈ ಗುರುತಿನ ಛಾಯಾಚಿತ್ರ ತೆಗೆದಿಡುವುದು, ಪಂಚನಾಮೆಯ ವೇಳೆ ಸ್ಥಳದಲ್ಲಿ ಹಾಜರಿರುವುದು, ಆಧಾರ್, ಪಹಣಿ, ಮನೆಯ ಆಸ್ತಿ ದಾಖಲೆ ಹಾಗೂ ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿಗಳನ್ನು ಸಿದ್ಧವಾಗಿಟ್ಟುಕೊಳ್ಳುವುದು ಸೂಕ್ತ. ಬೆಳೆ ಹಾನಿಯ ಜಂಟಿ ಸಮೀಕ್ಷೆಯನ್ನು ಕಂದಾಯ, ಕೃಷಿ ಮತ್ತು ತೋಟಗಾರಿಕೆ ಇಲಾಖೆಗಳು ನಡೆಸುತ್ತವೆ. ಜಾನುವಾರು ಮೃತಪಟ್ಟಲ್ಲಿ ಕಳೇಬರವನ್ನು ಹೂಳುವ ಮೊದಲು ಪಶುವೈದ್ಯಾಧಿಕಾರಿಗೆ ತಿಳಿಸತಕ್ಕದ್ದು.

ಮಾಹಿತಿ ಪಡೆಯುವ ವಿಧಾನ

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ವರುಣ ಮಿತ್ರ' ಸಹಾಯವಾಣಿ 92433 45433 ಮೂಲಕ ಮಳೆಯ ಮಾಹಿತಿ ಪಡೆಯಬಹುದು. ಜಿಲ್ಲಾ ತುರ್ತು ಕಾರ್ಯಾಚರಣೆ ಕೇಂದ್ರದ ಸಂಖ್ಯೆ 1077 ಹಾಗೂ ತುರ್ತು ಸೇವೆಯ ಸಂಖ್ಯೆ 112. ಗ್ರಾಮ ಮಟ್ಟದಲ್ಲಿ ಗ್ರಾಮ ಆಡಳಿತ ಅಧಿಕಾರಿ ಹಾಗೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು ಸಂಪರ್ಕಿಸಬಹುದಾಗಿದೆ. ದಿನಾಂಕವಿಲ್ಲದ ಸಂದೇಶಗಳನ್ನು ಹಾಗೂ ಹಿಂದಿನ ವರ್ಷಗಳ ನೆರೆಯ ದೃಶ್ಯಗಳನ್ನು ನಂಬಬಾರದು, ಇತರರಿಗೆ ಕಳುಹಿಸಲೂಬಾರದು.

ಉಪಸಂಹಾರ

ಉಬ್ಬರದ ವೇಳೆಯನ್ನು ಪಂಚಾಂಗದಂತೆ ಮುಂಚಿತವಾಗಿ ಬರೆದಿಡಬಹುದು. ಕೃಷ್ಣೆಯ ನೆರೆಯನ್ನು ಹಾಗೆ ಬರೆದಿಡಲಾಗದು. ಆದರೆ ನೆರೆ ಬರುವ ದಾರಿ ತಿಳಿದಿದೆ. ಘಟ್ಟದ ಮಳೆ, ಜಲಾಶಯಗಳ ಹೊರಹರಿವು, ಸಾಂಗಲಿ ಮತ್ತು ಕೊಲ್ಹಾಪುರದ ಮಟ್ಟ, ರಾಜಾಪುರ ಹಾಗೂ ಸದಲಗಾದ ಹರಿವು ಎಂಬ ಈ ಕ್ರಮದಲ್ಲಿ ವರದಿಯನ್ನು ಓದಿದಲ್ಲಿ, ನದಿ ತೀರದ ಕುಟುಂಬಕ್ಕೆ ಹೊರಡಲು ಬೇಕಾದ ಒಂದು ಹಗಲು ದೊರೆಯುತ್ತದೆ. 2005ರ ಅಥವಾ 2019ರ ಗುರುತು ಮುಂದಿನ ನೆರೆಗೆ ಮಿತಿಯಾಗಿರುವುದಿಲ್ಲ. ಆದ್ದರಿಂದ ಮಳೆಗಾಲದುದ್ದಕ್ಕೂ ಪ್ರತಿದಿನದ ಅಂಕಿಗಳನ್ನು ಗಮನಿಸಿ, ಆಡಳಿತದ ಸೂಚನೆಗಳಿಗೆ ಸಕಾಲದಲ್ಲಿ ಸಹಕರಿಸಬೇಕೆಂದು ನದಿ ತೀರದ ಸಮಸ್ತ ನಾಗರಿಕರಲ್ಲಿ ಕೋರಲಾಗಿದೆ.